ಓರ್ಲಿನ್ ಸಭೆಗೆ ಹೊರಟದ್ದು

ಹಿಮ ತಳ್ಳುವ ಲಾರಿ ಆ ಶನಿವಾರ ಬೆಳಗ್ಗೆ ರಸ್ತೆಯನ್ನೆಲ್ಲ ಗುಡಿಸಿ, ಗುಡಿಸಿದ್ದನ್ನೆಲ್ಲ ಓರ್ಲಿನ್ ಸ್ಕಾರ್‌ನ ಮನೆಯ ದಾರಿಯ ಬಾಯಿಗೆ ಒಡ್ಡು ಹಾಕಿ ಹೋಗಿತ್ತು. ಮೊಣಕಾಲೆತ್ತರದ ಒಡ್ಡು. ಸಲಿಕೆ ಹಿಡಿದರೆ ಅರ್ಧ ಗಂಟೆಯ ಕೆಲಸ. ಆದರೆ ಹೋದ ತಿಂಗಳು ಕಾರು ಮಾರಿದವನು, "ಇದಕ್ಕೆ ಟ್ರ್ಯಾಕ್ಷನ್ ಕಂಟ್ರೋಲ್ ಇದೆ ಸಾರ್, ಹಿಮದ ಚಿಂತೆ ಇನ್ನು ಕಾರಿಂದು, ನಿಮ್ಮದಲ್ಲ" ಎಂದಿದ್ದ. ಅದನ್ನು ನಂಬಿದ ಓರ್ಲಿನ್ ಸಲಿಕೆಯ ಕಡೆ ತಿರುಗಿಯೂ ನೋಡದೆ ಒಡ್ಡಿನ ಮೇಲೆ ಕಾರು ನುಗ್ಗಿಸಿದ.

ಮುಂದಿನ ಚಕ್ರಗಳು ಅರ್ಧ ಹೂತು ನಿಂತವು. ಆಕ್ಸಿಲರೇಟರ್ ಒತ್ತಿದ. ಚಕ್ರ ಒಂದು ಸಲ ಜಾರಿತು, ಕೂಡಲೇ ಎಂಜಿನ್ನು ತನ್ನಷ್ಟಕ್ಕೆ ತಾನೇ ತಣ್ಣಗಾಯಿತು. ಎದುರಿಗೆ ಒಂದು ಹಳದಿ ದೀಪ ಮಿಣುಕಿತು. ಅದರಲ್ಲಿ ಪುಟ್ಟ ಕಾರಿನ ಚಿತ್ರ, ಹಿಂದೆ ಎರಡು ಸೊಟ್ಟ ಗೆರೆ. ಮತ್ತೆ ಒತ್ತಿದ. ಮತ್ತೆ ದೀಪ, ಮತ್ತೆ ಮೌನ. ಕಾಲಡಿಯಲ್ಲಿ ಇಷ್ಟು ಒತ್ತಿದರೂ ಕಿವಿಗೆ ಹಾಕಿಕೊಳ್ಳದ ಯಂತ್ರವನ್ನು ಅವನು ಅರವತ್ತೊಂದು ವರ್ಷದಲ್ಲಿ ಕಂಡಿರಲಿಲ್ಲ.

ಗಂಟೆ ಒಂಬತ್ತೂ ಕಾಲು. ಹತ್ತಕ್ಕೆ ಚರ್ಚಿನಲ್ಲಿ ಮೀನೂಟದ ಸಮಿತಿಯ ಸಭೆ.

ಸ್ಕೋವ್ ಲೇಕ್ ಊರಿನ ಲೂಥರನ್ ಚರ್ಚಿನಲ್ಲಿ ಪ್ರತಿ ಫೆಬ್ರವರಿ ಲೂಟಫಿಸ್ಕ್ ಊಟ ನಡೆಯುತ್ತದೆ. ಒಣಮೀನನ್ನು ಕ್ಷಾರದ ನೀರಿನಲ್ಲಿ ದಿನಗಟ್ಟಲೆ ನೆನೆಹಾಕಿ, ಅದು ತಟ್ಟೆಯಲ್ಲಿ ನಡುಗುವಷ್ಟು ಮೆತ್ತಗಾದ ಮೇಲೆ ಬೆಣ್ಣೆ ಸುರಿದು ತಿನ್ನುವುದು. ತಿನ್ನಲು ನಾನೂರು ಜನ ಬರುತ್ತಾರೆ. ಅದರ ಯಜಮಾನಿಕೆ ವಹಿಸಲು ಒಬ್ಬನೂ ಮುಂದೆ ಬರುವುದಿಲ್ಲ. ಯಜಮಾನನಾದವನ ಕೋಟು, ಕಾರು, ಹಾಸಿಗೆ ಎಲ್ಲ ಈಸ್ಟರ್ ತನಕ ಮೀನು ನಾರುತ್ತವೆ. ಆದ್ದರಿಂದ ಸಭೆಗೆ ಬಂದವರೆಲ್ಲ ತಮ್ಮ ತಮ್ಮ ಬೂಟು ನೋಡುತ್ತಾ ಕೂರುತ್ತಾರೆ, ಯಾರು ಬಂದಿಲ್ಲವೋ ಅವರನ್ನು ಒಮ್ಮತದಿಂದ ಆರಿಸುತ್ತಾರೆ. ಹೋದ ವರ್ಷ ಒಬ್ಬಾತ ಹಲ್ಲು ಕೀಳಿಸಿಕೊಳ್ಳಲು ಹೋಗಿ ಸಿಕ್ಕಿಬಿದ್ದಿದ್ದ.

ಈ ಫೆಬ್ರವರಿ ಓರ್ಲಿನ್ ಊರಲ್ಲಿರುವಂತಿರಲಿಲ್ಲ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಮೊದಲ ಬಾರಿ ಅವನೂ ಹೆಂಡತಿ ಮಾರ್ವಿಸಳೂ ಅರಿಜೋನಾದಲ್ಲಿರುವ ಅವಳ ಅಕ್ಕನ ಮನೆಗೆ, ಬಿಸಿಲಿಗೆ, ಹೊರಟಿದ್ದರು. ಅರ್ಧ ಚಡ್ಡಿ ಕೂಡ ಕೊಂಡಾಗಿತ್ತು. ರಾತ್ರಿ ಅದನ್ನು ಪೈಜಾಮದ ಮೇಲೆ ಹಾಕಿಕೊಂಡು ಕನ್ನಡಿ ನೋಡಿಕೊಂಡು ಮಲಗುತ್ತಿದ್ದ, ಅಷ್ಟು ಆಸೆ.

"ರೀ, ಇನ್ನೂ ಇಲ್ಲೇ ಇದೀರಾ?" ಮಾರ್ವಿಸ್ ಬಾಗಿಲಿಂದ ಕೂಗಿದಳು. "ಹತ್ತರೊಳಗೆ ನೀವು ಆ ಕುರ್ಚಿ ಮೇಲೆ ಕೂತಿರ್ಬೇಕು, ನೆನಪಿರ್ಲಿ!"

"ಹೊರಟೆ ಕಣೇ!" ಎಂದ ಓರ್ಲಿನ್, ಅಲ್ಲಾಡದ ಕಾರಿನಲ್ಲಿ ಕೂತು.

ಅಷ್ಟರಲ್ಲಿ ಪಕ್ಕದ ಮನೆಯ ಲೋವೆಲ್ ಕಾಫಿ ಲೋಟದೊಂದಿಗೆ ಬಂದ. ಮೂವತ್ತು ವರ್ಷ ಹಿಮದ ಲಾರಿ ಓಡಿಸಿ ನಿವೃತ್ತನಾದವನು. ಯಾರದಾದರೂ ಕಾರು ಹೂತರೆ ಅವನ ಮುಖ ಅರಳುತ್ತಿತ್ತು.

"ಸಿಕ್ಕಾಕ್ಕೊಂಡ್ಯಾ?"

"ಇಲ್ಲಪ್ಪ, ಸ್ವಲ್ಪ ನಿಂತಿದೆ ಅಷ್ಟೆ."

"ನೋಡೋಕೂ ಹಂಗೇ ಕಾಣ್ತದೆ," ಎಂದು ಲೋವೆಲ್ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. "ಲೋ, ಆ ಕಂಟ್ರೋಲ್ ಆಫ್ ಮಾಡೋ ಮಾರಾಯ. ಚಕ್ರ ಜಾರಿದ್ರೆ ಸಾಕು, ಅದು ಎಂಜಿನ್ ಕತ್ತು ಹಿಸುಕ್ತದೆ. ರಸ್ತೇಲಿ ಹೋಗ್ವಾಗ ಅದು ದೇವರು, ಹೂತಾಗ ಶನಿ. ಆಫ್ ಮಾಡಿ ಹಿಂದೆ ಮುಂದೆ ತೂಗು, ಬರ್ತದೆ."

"ಆಫ್ ಗೀಫ್ ಏನೂ ಮಾಡ್ಬೇಡ!" ಎಂದು ಎದುರು ಮನೆಯಿಂದ ದನಿ ಬಂತು. ಬೆಕ್ಕಿನ ಕಕ್ಕಸಿಗೆ ಹಾಕುವ ಮರಳಿನ ಚೀಲ ತಬ್ಬಿಕೊಂಡು ವರ್ನಾ ಬರುತ್ತಿದ್ದಳು. ಎಂಬತ್ತರ ಹತ್ತಿರದ ವಿಧವೆ. ಓರ್ಲಿನ್‌ಗೆ ಚಿಕ್ಕಂದಿನಲ್ಲಿ ಭಾನುವಾರದ ಬೈಬಲ್ ಪಾಠ ಹೇಳಿದವಳು. "ಕಾರು ಮಾಡಿದೋರಿಗೆ ಬುದ್ಧಿ ಇಲ್ವೇನೋ? ಸುಮ್ನೆ ಇಟ್ಟಿರ್ತಾರಾ? ಚಕ್ರದಡಿ ಈ ಮರಳು ಹಾಕು. ನಮ್ಮೆಜಮಾನ್ರು ನಲವತ್ತು ವರ್ಷ ಇದ್ರಲ್ಲೇ ಕಾರು ತೆಗೆದ್ರು."

"ಆಗ ಕಂಟ್ರೋಲ್ ಎಲ್ಲಿತ್ತು ವರ್ನಾ?" ಎಂದ ಲೋವೆಲ್.

"ಆಗ ಗಂಡಸ್ರಿಗೇ ಕಂಟ್ರೋಲ್ ಇತ್ತು."

ಬೇಡ ಎನ್ನುವುದು ಆ ಊರಿನಲ್ಲಿ ಯಾರಿಗೂ ಬರುವುದಿಲ್ಲ. ಓರ್ಲಿನ್‌ಗಂತೂ ಹುಟ್ಟಿನಿಂದಲೇ ಬಾರದು. ಮೊದಲು ಮರಳು ಹಾಕಿಸಿಕೊಂಡ. ದೀಪ ಮಿಣುಕಿತು, ಕಾರು ಕದಲಲಿಲ್ಲ. ಲೋವೆಲ್‌ನ ಸಲಿಕೆ ಬಂತು, ಚಕ್ರದಡಿಗೆ ಅವನ ಹಳೆಯ ಕಂಬಳಿ ಬಂತು, ಎರಡನೆಯ ಸಲ ಕಾಫಿಯೂ ಬಂತು. ಹತ್ತಕ್ಕೆ ಇಪ್ಪತ್ತು ನಿಮಿಷ ಉಳಿದಾಗ ಓರ್ಲಿನ್‌ಗೆ ಅಳು ಬರುವಂತಾಯಿತು.

"ಆಫ್ ಮಾಡೋ ಆ ಗುಂಡಿ ಎಲ್ಲಿದೆ ಹೇಳೋ ಲೋವೆಲ್, ಏನಾದ್ರಾಗ್ಲಿ!"

ಗುಂಡಿ ಎಲ್ಲಿದೆಯೆಂದು ಲೋವೆಲ್‌ಗೂ ಗೊತ್ತಿರಲಿಲ್ಲ. ಒಂದನ್ನು ಒತ್ತಿದರೆ ಗಾಜಿಗೆ ನೀರು ಹಾರಿ ಅಲ್ಲೇ ಹೆಪ್ಪುಗಟ್ಟಿತು. ಇನ್ನೊಂದನ್ನು ಒತ್ತಿದರೆ ಕೂತ ಸೀಟು ಕಾದು ಬಿಸಿಯಾಯಿತು. ಕೊನೆಗೆ ಸ್ಟಿಯರಿಂಗಿನ ಎಡಕ್ಕೆ, ಮೊಣಕಾಲಿನ ಹತ್ತಿರ, ಅದೇ ಸೊಟ್ಟ ಗೆರೆಯ ಚಿತ್ರ ಸಿಕ್ಕಿತು. ಒತ್ತಿ ಹಿಡಿದ. ದೀಪ ನಿಂತು ಬೆಳಗಿತು.

"ಈಗ ಒತ್ತು!" ಎಂದು ಲೋವೆಲ್ ಮತ್ತು ವರ್ನಾ ಮುಂದಿನಿಂದ ಬಾನೆಟ್ಟಿಗೆ ಕೈ ಕೊಟ್ಟು ಹಿಂದಕ್ಕೆ ತಳ್ಳಿದರು.

ಓರ್ಲಿನ್ ರಿವರ್ಸ್ ಗೇರ್ ಹಾಕಿ ಒತ್ತಿದ. ಒಂದು ತಿಂಗಳು ಬಾಯಿ ಕಟ್ಟಿಸಿಕೊಂಡಿದ್ದ ಎಂಜಿನ್ನು ಒಮ್ಮೆಲೇ ಬೊಬ್ಬಿರಿಯಿತು. ಚಕ್ರ ಗಿರ್ರನೆ ತಿರುಗಿ ಹಿಮವನ್ನೂ ಮರಳನ್ನೂ ಕಂಬಳಿಯ ಚೂರನ್ನೂ ಆ ಇಬ್ಬರು ಉಪಕಾರಿಗಳ ಮೈಗೆ ಎರಚಿತು. ಕಾರು ಹಿಂದಕ್ಕೆ ಸರಿಯಿತು. ಮುಂದಕ್ಕೆ ಬಿಟ್ಟ, ಹಿಂದಕ್ಕೆ ಬಿಟ್ಟ, ತೊಟ್ಟಿಲಿನಂತೆ ತೂಗಿದ. ಇಬ್ಬರೂ ಪಕ್ಕಕ್ಕೆ ಹಾರಿದ ಮೇಲೆ ಕಾರು ಒಡ್ಡನ್ನು ಸೀಳಿಕೊಂಡು ರಸ್ತೆಗೆ ಬಿತ್ತು.

"ನಿಲ್ಲಿಸ್ಬೇಡ! ಹೋಗ್ತಾ ಇರು!" ಎಂದು ಲೋವೆಲ್ ಕೂಗಿದ. ಆಮೇಲೆ, "ರಸ್ತೆಗೆ ಹೋದ್ಮೇಲೆ ಮತ್ತೆ ಆನ್ ಮಾಡ್ಕೋ!" ಎಂದೂ ಕೂಗಿದ. ಅದು ಓರ್ಲಿನ್‌ಗೆ ಕೇಳಿಸಲಿಲ್ಲ.

ಚರ್ಚು ಏಳು ನಿಮಿಷದ ದಾರಿ. ಆದರೆ ಇಳಿಜಾರಿನಲ್ಲಿ ಕಾರಿನ ಮೂತಿ ಒಂದು ಕಡೆ, ದಾರಿ ಇನ್ನೊಂದು ಕಡೆ ಆಯಿತು. ಕಾಲು ತುಸು ಒತ್ತಿದರೂ ಮುಂದಿನ ಚಕ್ರಗಳು ಹುಚ್ಚೆದ್ದು ಸುತ್ತುತ್ತಿದ್ದವು. ಆ ಗುಂಡಿಯನ್ನು ಮತ್ತೆ ಒತ್ತಬೇಕೆಂದು ತಾನಾಗಿಯೇ ಹೊಳೆಯಿತು, ಒತ್ತಲು ಕೈ ಬೇಕಿತ್ತು; ಎರಡು ಕೈಯೂ ಸ್ಟಿಯರಿಂಗಿಗೆ ಅಂಟಿಹೋಗಿದ್ದವು. ಚರ್ಚಿನ ತಿರುವಿನಲ್ಲಿ ಎಡಕ್ಕೆ ತಿರುಗಿಸಿದ, ಕಾರು ನೇರ ಹೋಯಿತು. ಮುಂದಿನ ತಿರುವಿನಲ್ಲೂ ಅದೇ. ಕಾರು ಒಪ್ಪಿದ ಕಡೆ ತಿರುಗುತ್ತಾ ಓರ್ಲಿನ್ ಊರಿನ ಇಡೀ ಕೆರೆಗೆ ಒಂದು ಸುತ್ತು ಹಾಕಿದ. ನಡುವೆ ಯಾರದೋ ಟಪಾಲು ಪೆಟ್ಟಿಗೆ ನೆಲಕ್ಕೊರಗಿತು. "ಕ್ಷಮಿಸಿ!" ಎಂದು ಮುಚ್ಚಿದ ಗಾಜಿನೊಳಗಿಂದಲೇ ಕೂಗಿದ.

ಜೇಬಿನಲ್ಲಿ ಫೋನು ಬಡಿದುಕೊಂಡಿತು. ನಿಂತಿತು. ಮತ್ತೆ ಬಡಿದುಕೊಂಡಿತು. ಲೋವೆಲ್ ಇನ್ನೊಂದಿಷ್ಟು ಬುದ್ಧಿ ಹೇಳಲು ಮಾಡುತ್ತಿರಬೇಕು ಎಂದು ಓರ್ಲಿನ್ ಹಲ್ಲು ಕಚ್ಚಿದ. ಕೈ ಬಿಟ್ಟರೆ ಕಾರು ನೇರ ಕೆರೆಗೆ.

ಹತ್ತೂ ಇಪ್ಪತ್ತಕ್ಕೆ ಕಾರು ಚರ್ಚಿನ ಅಂಗಳಕ್ಕೆ ಅಡ್ಡಡ್ಡ ಜಾರಿ ಬಂದು ಹಿಮದ ಗುಡ್ಡೆಗೆ ಒರಗಿ ನಿಂತಿತು. ಅಂಗಳದಲ್ಲಿ ಬೇರೆ ಒಂದು ಕಾರೂ ಇರಲಿಲ್ಲ. ಓರ್ಲಿನ್‌ನ ಎದೆ ಹಗುರಾಯಿತು. ಯಾರೂ ಬಂದಿಲ್ಲ! ಎಲ್ಲರೂ ಗೈರುಹಾಜರು, ತಾನೊಬ್ಬನೇ ಹಾಜರು! ಬೇಕಾದವರ ಹೆಸರು ಹೇಳಬಹುದು. ಲೋವೆಲ್ ಉಪಕಾರ ಮಾಡಿದ್ದು ನಿಜ, ಆದರೂ ಲೋವೆಲ್‌ನ ಹೆಸರೇ ಮೊದಲು ನಾಲಿಗೆಗೆ ಬಂತು.

ಕುಣಿಯುತ್ತಾ ಒಳಗೆ ಹೋದರೆ ಚರ್ಚಿನ ಪಕ್ಕದಲ್ಲೇ ವಾಸವಿದ್ದ ಪಾಸ್ಟರ್ ಇಂಗ್ರಿಡ್ ಒಬ್ಬರೇ ಅಡುಗೆಮನೆಯಲ್ಲಿ ಕೂತು, ಆಗ ತಾನೇ ಫೋನು ಕೆಳಗಿಡುತ್ತಿದ್ದರು.

"ಅಯ್ಯೋ ದೇವರೇ, ಓರ್ಲಿನ್! ನೀವು ನಿಜವಾಗ್ಲೂ ಬಂದೇ ಬಿಟ್ರಾ?"

"ಬಂದೆ ಪಾಸ್ಟರ್. ಹಾಜರಿ ಬರ್ಕೊಳ್ಳಿ. ಬೇರೆಯವರು?"

"ಇಂಥಾ ಹಿಮದಲ್ಲಿ ಯಾರನ್ನ ಕರೆಸೋದು ಅಂತ ಹತ್ತಕ್ಕೆ ಹತ್ತು ನಿಮಿಷ ಇರೋವಾಗ ಎಲ್ರಿಗೂ ಹೇಳಿಬಿಟ್ಟೆ. ಸಭೆ ಫೋನಲ್ಲೇ ನಡೀತು, ಸಮಿತಿಯಲ್ಲಿ ಇಲ್ಲದವ್ರೂ ಸೇರ್ಕೊಂಡ್ರು. ಹನ್ನೊಂದು ಜನಾನೂ ಮನೇಲಿ ಕೂತು ಮಾತಾಡಿದ್ರು, ಎಷ್ಟು ಚೆನ್ನಾಗಿತ್ತು! ನಿಮಗೂ ಮಾಡಿದ್ವಿ, ನೀವೊಬ್ರೇ ಸಿಗ್ಲಿಲ್ಲ."

ಓರ್ಲಿನ್ ಜೇಬಿನ ಫೋನು ತೆಗೆದು ನೋಡಿ ಪಕ್ಕದ ಕುರ್ಚಿಯಲ್ಲಿ ಕೂತ.

"ನಿಮ್ಮ ಹೆಸರು ವರ್ನಾ ಹೇಳಿದ್ರು, ಲೋವೆಲ್ ಅನುಮೋದಿಸಿದ್ರು. ಈ ಮೀನೂಟಕ್ಕೋಸ್ಕರ ಇಂಥಾ ಹಿಮ ಸೀಳ್ಕೊಂಡು ಹೊರಟ ಗಂಡಸು ಇನ್ನೊಬ್ಬ ಇಲ್ಲ ಅಂದ್ರು ಇಬ್ರೂ. ನನಗೆ ಕಣ್ಣಲ್ಲಿ ನೀರು ಬಂತು."

"ಮಾರ್ವಿಸ್ ಫೋನಲ್ಲಿ ಇರ್ಲಿಲ್ವಾ? ಅವಳು ಬೇಡ ಅಂದಿರ್ಬೇಕಲ್ಲ!"

"ಎರಡು ಸಲ ಅಂದ್ರು ಪಾಪ. ಅರಿಜೋನಾ ಇದೆ, ಬಿಸಿಲು ಇದೆ ಅಂತ. ಮೂರನೇ ಸಲಕ್ಕೆ ಅವರೇ ದಾರಿ ಹುಡುಕಿದ್ರು. ಅವರು ಹೋದ್ರೆ ಮನೆ ಖಾಲಿ ಇರುತ್ತಂತೆ, ಮೀನು ನಿಮ್ಮ ಸ್ನಾನದ ತೊಟ್ಟೀಲೇ ನೆನೆಹಾಕ್ಬಹುದಂತೆ."

"ಅವಳು ಹೋದ್ರೆ ಅಂದ್ರೆ? ಒಬ್ಳೇ ಹೋಗ್ತಾಳಾ?"

"ಒಬ್ರೇ ಯಾಕೆ?" ಎಂದು ಪಾಸ್ಟರ್ ಅವನ ಮುಂದೆ ಬಿಸಿ ಕಾಫಿ ಇಟ್ಟರು. "ನಿಮ್ಮ ಜಾಗದಲ್ಲಿ ವರ್ನಾ ಹೋಗ್ತಾರೆ. ಆಗ್ಲೇ ಅಟ್ಟದಿಂದ ಪ್ರಯಾಣದ ಪೆಟ್ಟಿಗೆ ಇಳಿಸೋಕೆ ಲೋವೆಲ್‌ನ ಕರ್ಕೊಂಡು ಹೋದ್ರು."

ಓರ್ಲಿನ್ ಬಹಳ ಹೊತ್ತು ತನ್ನ ಬೂಟನ್ನೇ ನೋಡುತ್ತಾ ಕೂತ.