ಓಬಳೆಪ್ಪನ ಹೆಸರಿಲ್ಲದ ಗಿಡ

ಹಿಂದಿನ ಮನೆಯ ಮೆಹಬೂಬಬೀಯ ಆಡು ಹಿತ್ತಲಿನ ಆ ಗಿಡಕ್ಕೆ ಬಾಯಿ ಹಾಕದೇ ಹೋಗಿದ್ದರೆ ಓಬಳೆಪ್ಪ ಆ ದಿನ ತನ್ನ ಪಾಡಿಗೆ ತಾನು ಹೊಲಿಗೆ ಮಿಷನ್ ತುಳಿಯುತ್ತ ಕೂತಿರುತ್ತಿದ್ದ. ಅರಿವೆಗೆ ಕಂಟ್ರೋಲು ಬಂದು, ಬಟ್ಟೆ ರೇಷನ್ನಿನಲ್ಲಿ ಅಳೆದು ಸಿಗುತ್ತಿದ್ದ ವರ್ಷ ಅದು. ಕುಷ್ಟಗಿಯ ದರ್ಜಿಗಳಿಗೆಲ್ಲ ಕೆಲಸ ಕಡಿಮೆ. ಇದ್ದ ಒಂದೇ ಖಾಕಿ ಕೋಟಿಗೆ ಗುಂಡಿ ಹಚ್ಚುತ್ತಿದ್ದಾಗ ಹಿತ್ತಲಿನಿಂದ ಚೀರಾಟ ಕೇಳಿತು.

"ಯಪ್ಪೋ! ನಮ್ಮ ಆಡಿಗೆ ವಿಷ ಹಾಕ್ಯಾನ್ರೋ!"

ಓಬಳೆಪ್ಪ ಸೂಜಿ ಹಿಡಿದೇ ಓಡಿದ. ಅಲ್ಲಿ ನುಗ್ಗೆಮರದ ಪಕ್ಕದಲ್ಲಿ ಆಳೆತ್ತರದ ಗಿಡವೊಂದಿತ್ತು. ಯಾರೂ ನೆಟ್ಟದ್ದಲ್ಲ, ಯಾರಿಗೂ ಅದರ ಹೆಸರು ಗೊತ್ತಿಲ್ಲ. ಅದರ ಕೆಳಗೆ ಆಡು ನಗಾರಿಯಂತೆ ಹೊಟ್ಟೆ ಉಬ್ಬಿಸಿಕೊಂಡು ಬಿದ್ದಿತ್ತು.

"ಬೇಲಿ ಹಾರಿ ಬಂದದ್ದು ನಿಮ್ಮ ಆಡು, ಎಲಿ ತಿಂದದ್ದು ನಿಮ್ಮ ಆಡು. ಒದರಬೇಕಾದವ ನಾನಾ ನೀವಾ ಬೀಬಿ?" ಎಂದ ಓಬಳೆಪ್ಪ.

ಅಷ್ಟರಲ್ಲಿ ಗೋಡೆಯ ಮೇಲೆ ಕರಿಬಸಪ್ಪನ ರುಮಾಲು ಕಾಣಿಸಿತು. ಪಕ್ಕದ ಮನೆಯ ಈ ಜೋಳದ ವ್ಯಾಪಾರಿಗೆ ಓಣಿಯ ಪ್ರತಿಯೊಂದು ವಿಷಯದಲ್ಲೂ ಒಂದು ಹುಕುಂ ಹೊರಡಿಸದಿದ್ದರೆ ಉಂಡ ಅನ್ನ ಅರಗುತ್ತಿರಲಿಲ್ಲ. ಅವನೇ ನಾಟಿ ವೈದ್ಯ ಮುದಿಯಪ್ಪನನ್ನು ಕರೆಸಿದ. ಮುದಿಯಪ್ಪ ಒಂದು ಎಲೆ ಕಿತ್ತು ಮೂಸಿದ, ಬಿಸಿಲಿಗೆ ಹಿಡಿದ, ಕಣ್ಣು ಮುಚ್ಚಿದ.

"ಕಾಡುಕಣಗಲ. ಎಮ್ಮಿ ತಿಂದ್ರ ಎಮ್ಮಿನೂ ಉಳಿಯೂದಿಲ್ಲ."

"ಹೋದ ವರ್ಷ ಇದನ್ನ ಕಾಡುಮಲ್ಲಿಗಿ ಅಂದಿದ್ರಲ್ಲ?" ಎಂದ ಓಬಳೆಪ್ಪ.

"ಆಗ ಅದು ಸಣ್ಣದಿತ್ತು," ಎಂದ ಮುದಿಯಪ್ಪ, ಒಂಚೂರೂ ನಾಚದೆ.

ಕರಿಬಸಪ್ಪ ತೀರ್ಪು ಕೊಟ್ಟೇಬಿಟ್ಟ. "ಹೊತ್ತು ಮುಳಗೂದ್ರಾಗ ಇದನ್ನ ಕಡದು ಒಗಿ. ಓಣಿಯಾಗ ಮಕ್ಕಳು ಮರಿ ಅದಾವ."

ಓಬಳೆಪ್ಪನ ಮೈಯೆಲ್ಲ ಉರಿದುಹೋಯಿತು. "ನನ್ನ ಹಿತ್ತಲದಾಗ ಏನ ಇರಬೇಕು, ಏನ ಇರಬಾರದು ಅಂತ ಹೇಳಾಕ ನೀವ್ಯಾರ್ರಿ ಸಾವ್ಕಾರ್ರ? ಒಂದ ಎಲಿ ಮುಟ್ರಿ ನೋಡೂಣು!"

ಹೆಂಡತಿ ಶೇಖರಮ್ಮ ಅವನನ್ನು ಒಳಗೆಳೆದುಕೊಂಡಳು. "ಅಲ್ರೀ, ಅರಿವಿ ಒಣಗಿಸಾಕ ಅಡ್ಡ ಆಗತೈತಿ, ಈ ವಾರ ಕಡೀತೀನಿ ಅಂತ ನೀವ ಅಂದಿದ್ರಲ್ಲ?"

"ನಾನಾಗಿ ಕಡದ್ರ ಅದು ನನ್ನ ಖುಷಿ. ಅವ ಹೇಳಿದನಂತ ಕಡದ್ರ ನನ್ನ ಮರ್ಯಾದಿ ಏನಾತು?"

ಮರ್ಯಾದೆಯ ಪ್ರಶ್ನೆ ಬಂದ ಮೇಲೆ ಮಾತೇ ಇಲ್ಲ. ಆ ಖಾಕಿ ಕೋಟು ಜಂಗ್ಲಾತ್, ಅಂದರೆ ಅರಣ್ಯ ಇಲಾಖೆಯ ಅಧಿಕಾರಿ ಅಮೀನ ಸಾಹೇಬರದು. ಅಡವಿಯ ಗಿಡಗಳನ್ನೆಲ್ಲ ಸ್ವಂತ ಬೀಗರಂತೆ ಬಲ್ಲವರು, ಅಂದು ಕುಷ್ಟಗಿಯಲ್ಲೇ ಮುಕ್ಕಾಂ ಮಾಡಿದ್ದರು. ಗಿಡ ವಿಷದ್ದಲ್ಲವೆಂದು ಅವರ ಬಾಯಿಂದಲೇ ಹೇಳಿಸಬೇಕೆಂದು ಓಬಳೆಪ್ಪ ಕೋಟು ಬಗಲಲ್ಲಿಟ್ಟುಕೊಂಡು ಸುಡುಬಿಸಿಲಲ್ಲಿ ಓಡಿದ, ಜವಾನನ ಕಾಲು ಹಿಡಿದ, ಸಾಹೇಬರ ಊಟ ಮುಗಿಯುವವರೆಗೆ ಬೇವಿನ ಕೆಳಗೆ ಕೂತ. ಕಡೆಗೆ, ಹೊಲಿಗೆಯ ಕೂಲಿಯನ್ನೂ ಬಿಟ್ಟುಕೊಟ್ಟು, ಅವರನ್ನು ಕರೆದುಕೊಂಡೇ ಬಂದ.

ಇಡೀ ಓಣಿ ಹಿತ್ತಲಲ್ಲಿ ನೆರೆದಿತ್ತು. ಕರಿಬಸಪ್ಪನ ಕೈಯಲ್ಲಿ ಆಗಲೇ ಕೊಡಲಿ. ಆಡು ಮಾತ್ರ ಇರಲಿಲ್ಲ. ಅದು ಎದ್ದು ಹೋಗಿ, ಕರಿಬಸಪ್ಪನದೇ ಪಡಸಾಲೆಯಲ್ಲಿ ಜೋಳದ ಚೀಲಕ್ಕೆ ಬಾಯಿ ಹಾಕಿತ್ತು. ಬೆಳಿಗ್ಗೆಯೂ ಅಲ್ಲೇ ತಿಂದು ಹೊಟ್ಟೆ ಉಬ್ಬಿಸಿಕೊಂಡಿತ್ತೆಂಬುದು ಹರಿದ ಚೀಲ ನೋಡಿದವರಿಗೆಲ್ಲ ತಿಳಿಯಿತು.

ಅಮೀನ ಸಾಹೇಬರು ಎಲೆ ತಿರುವಿದರು, ಕಪ್ಪು ಕಾಯಿಯೊಂದನ್ನು ಹಿಸುಕಿದರು, ನುಗ್ಗೆಯ ಬೇರು ಕೆದರಿ ನೋಡಿದರು.

"ಕಣಗಲ ಅಂದವ ಯಾವನು? ಇದು ಶ್ರೀಗಂಧ. ಪಕ್ಕದ ಗಿಡದ ಬೇರಿನ ರಸ ಹೀರಿ ಬೆಳೀತೈತಿ. ಎಳೀದಿದ್ದಾಗ ವಾಸನಿ ಬರೂದಿಲ್ಲ."

ಗಂಧದ ಹೆಸರು ಕಿವಿಗೆ ಬಿದ್ದದ್ದೇ ತಡ, ಎಲ್ಲರಿಗೂ ಒಮ್ಮೆಲೇ ಬಾಯಿ ಬಂತು.

"ಬೇರೆಲ್ಲಾ ನನ್ನ ಗೋಡಿ ಕೆಳಗ ಬಂದಾವ್ರಿ ಸಾಹೇಬ್ರ, ಅರ್ಧಾ ನಂದು," ಎಂದ ಕರಿಬಸಪ್ಪ, ಕೊಡಲಿಯನ್ನು ಬೆನ್ನ ಹಿಂದೆ ಮುಚ್ಚಿಕೊಳ್ಳುತ್ತ.

"ನನ್ನ ಆಡಿನ ಹಿಕ್ಕಿ ಉಂಡು ಬೆಳದೈತ್ರಿ!" ಎಂದಳು ಮೆಹಬೂಬಬೀ.

"ಗಂಧ ಅಂತ ನನಗ ಮೊದಲ ಸಂಶೇ ಇತ್ತು," ಎಂದ ಮುದಿಯಪ್ಪ.

ಓಬಳೆಪ್ಪ ಕೂಗಿದ, "ನಾಚಿಕಿ ಆಗೂದಿಲ್ಲೇನ್ರಿ ನಿಮಗ? ಗಿಡ ನಂದು! ಬೇರಿನಿಂದ ತುದೀತನಾ ನಂದು!"

ಸಾಹೇಬರು ಕೈಯೆತ್ತಿದರು. "ಯಾರದೂ ಅಲ್ಲ. ಶ್ರೀಗಂಧ ಎಲ್ಲಿ ಹುಟ್ಟಿದ್ರೂ ಅದು ಸರ್ಕಾರದ ಸೊತ್ತು. ಯಾರ ಜಾಗಾದಾಗ ನಿಂತೈತಿ, ಅವರು ಕಾಯಬೇಕು. ಒಣಗಿದ್ರ, ಮುರದ್ರ, ಕಳುವಾದ್ರ, ಅವರಿಗೇ ಸಜಾ. ಹಿತ್ತಲ ಯಾರದು?"

ಓಣಿಯ ಜನ ಒಂದು ಹೆಜ್ಜೆ ಹಿಂದೆ ಸರಿದರು. "ಓಬಳೆಪ್ಪಂದ್ರೀ!"

"ಸಾಹೇಬ್ರ," ಓಬಳೆಪ್ಪನ ದನಿ ಕುಸಿಯಿತು. "ಹಂಗಾದ್ರ ಈಗ ಕಡದು ನೀವ ಒಯ್ಯಬಾರ್ದೇನ್ರಿ?"

"ಕಡ್ಯಾಕ ಇನ್ನೂ ಇಪ್ಪತ್ತು ಇಪ್ಪತ್ತೈದು ವರ್ಷ ಬೇಕು," ಎಂದ ಸಾಹೇಬರು ಗಿಡವನ್ನು ದಫ್ತರದಲ್ಲಿ ಬರೆದುಕೊಂಡರು. ಓಬಳೆಪ್ಪನ ಹೆಬ್ಬೆಟ್ಟು ಒತ್ತಿಸಿಕೊಂಡು, ಹೊಸ ಕೋಟು ತೊಟ್ಟುಕೊಂಡು ಹೊರಟರು.

ಓಬಳೆಪ್ಪ ಗಿಡದ ಬುಡದಲ್ಲೇ ಕುಸಿದು ಕೂತ. ಬೆಳಗಿನಿಂದ ಹೊಟ್ಟೆಗೆ ಅನ್ನವಿಲ್ಲ. ಶೇಖರಮ್ಮ ತಂದುಕೊಟ್ಟ ರೊಟ್ಟಿಯನ್ನು ಇನ್ನೇನು ಮುರಿಯಬೇಕು, ಅಷ್ಟರಲ್ಲಿ ಗೋಡೆಯ ಮೇಲಿಂದ ಕರಿಬಸಪ್ಪನ ಗದರಿಕೆ ಕೇಳಿಸಿತು.

"ಏ ಓಬಳೆಪ್ಪಾ! ಗಿಡಕ್ಕ ಇನ್ನೂ ನೀರ ಹಾಕಿಲ್ಲಲ್ಲೋ! ಸರ್ಕಾರದ ಸೊತ್ತು ಅದು. ನಿಮ್ಮಪ್ಪಂದ ತಿಳದೀಯೇನು?"