ಬಿಸಿ ಸುರಿದರೆ ಕಾಣುವ ಗುಟ್ಟು

ನಮ್ಮ ವಿಶ್ವವಿದ್ಯಾಲಯದ ನಾವೀನ್ಯತಾ ಕೇಂದ್ರದ ನಿರ್ದೇಶಕರ ಸನ್ನಿಧಾನಕ್ಕೆ,

ಮಾನ್ಯರೇ,

ಜೀವವಿಜ್ಞಾನ ವಿಭಾಗದ ನೆಲಮಾಳಿಗೆಯಲ್ಲಿ ಬಸವನಹುಳು ಸಾಕಿಕೊಂಡಿರುವವಳ ಅನಂತ ನಮಸ್ಕಾರಗಳು. ತಾವೂ ತಮ್ಮ ತಿರುಗುವ ಕುರ್ಚಿಯೂ ಕ್ಷೇಮವೆಂದು ನಂಬಿದ್ದೇನೆ. ಪ್ರಯೋಗಾಲಯದ ಸಂಶೋಧನೆಯನ್ನು ಜನರ ಮನೆಬಾಗಿಲಿಗೆ ಮುಟ್ಟಿಸುವುದೇ ತಮ್ಮ ಧ್ಯೇಯವೆಂದು ಕೇಂದ್ರದ ಗಾಜಿನ ಬಾಗಿಲ ಮೇಲೆ ದೊಡ್ಡದಾಗಿ ಬರೆಸಿದ್ದೀರಿ. ಆ ಬಾಗಿಲನ್ನು ತಳ್ಳಬೇಕೋ ಎಳೆಯಬೇಕೋ ಎಂಬುದನ್ನು ಮಾತ್ರ ಬರೆಸಿಲ್ಲ. ನನ್ನ ಸಂಶೋಧನೆಯನ್ನಂತೂ ತಾವು ನಿಜಕ್ಕೂ ಮನೆಮನೆಗೆ ಮುಟ್ಟಿಸಿಬಿಟ್ಟಿರಿ. ಅಂಥ ಸೇವೆಗೆ ಮೆಚ್ಚುಗೆಯೂ ನಾಲ್ಕು ಜನರೆದುರೇ ಸಲ್ಲಬೇಕೆಂದು ಈ ಪತ್ರ.

ಬಸವನಹುಳುವಿನ ಲೋಳೆಯಿಂದ ನಾನೊಂದು ಮುಲಾಮು ತಯಾರಿಸಿದ್ದು, ಸಕ್ಕರೆ ಕಾಯಿಲೆಯವರ ಕಾಲಿನಲ್ಲಿ ಎಷ್ಟು ದಿನವಾದರೂ ಮಾಯದೆ ಉಳಿಯುವಂಥ ಹುಣ್ಣು ಇಲಿಗಳಲ್ಲಿ ಅದರಿಂದ ಮಾಯ್ದದ್ದು, ಪೇಟೆಂಟ್ ಸಿಗುವುದಾದರೆ ಮನುಷ್ಯರ ಮೇಲೆ ಪರೀಕ್ಷಿಸಲು ಔಷಧ ಕಂಪನಿಯೊಂದು ಒಪ್ಪಿದ್ದು ತಮಗೆ ನೆನಪಿರಬಹುದು. ಆ ಪರೀಕ್ಷೆಗೆಂದು ಆಸ್ಪತ್ರೆಯಲ್ಲಿ ಹೆಸರು ಬರೆಸಿ ಕಾಯುತ್ತಿದ್ದವರಲ್ಲಿ ನನ್ನ ಅಕ್ಕನೂ ಒಬ್ಬಳು. ಅವಳ ಎಡಗಾಲಿನ ಎರಡು ಬೆರಳು ಆಗಲೇ ಹೋಗಿದ್ದವು, ಹುಣ್ಣು ಪಾದಕ್ಕೆ ಹಬ್ಬುತ್ತಿತ್ತು.

ಅರ್ಜಿ ಹಾಕುವ ಮೊದಲೇ ಊರಿಗೆಲ್ಲ ಹೇಳಿಕೊಂಡರೆ ಪೇಟೆಂಟ್ ಸಿಗುವುದಿಲ್ಲ, ಆದ್ದರಿಂದ ಬಾಯಿಗೆ ಬೀಗ ಹಾಕಿಕೊಳ್ಳಿ ಎಂದು ತಾವು ನನ್ನನ್ನು ಕರೆಸಿ ತಾಕೀತು ಮಾಡಿದಿರಿ. ನಾನು ಚಾಚೂ ತಪ್ಪದೆ ಪಾಲಿಸಿದೆ. ವಿಚಾರ ಸಂಕಿರಣದಲ್ಲಿ ನನ್ನ ಸರದಿ ಬಂದಾಗ ಬಸವನಹುಳುವಿನ ಚಿಪ್ಪಿನ ಚೆಲುವನ್ನು ಬಣ್ಣಿಸಿ ಕೆಳಗಿಳಿದೆ. ಮುಲಾಮಿನಲ್ಲಿ ಏನೇನಿದೆ ಎಂದು ಅಕ್ಕ ಕೇಳಿದಾಗಲೂ ಮಾತು ಮರೆಸಿದೆ. “ನನ್ನ ಹತ್ರನೂ ಮುಚ್ಚಿಡ್ತೀಯೇನೇ?” ಎಂದವಳೇ ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಅತ್ತ ಅರ್ಜಿಯೋ ತಮ್ಮ ಮೇಜಿನ ಮೇಲೇ ಹಾಯಾಗಿ ಮಲಗಿತ್ತು, ಏಕೆಂದರೆ ಕೇಂದ್ರದ ವಾರ್ಷಿಕೋತ್ಸವದ ವೇದಿಕೆಯಲ್ಲಿ, ಮುಖ್ಯ ಅತಿಥಿಗಳ ಬೆರಳಿನಿಂದಲೇ ಗುಂಡಿ ಒತ್ತಿಸಿ, ಫೋಟೊ ತೆಗೆಸಿ ಅದನ್ನು ಕಳಿಸಬೇಕೆಂಬುದು ತಮ್ಮ ಆಸೆಯಾಗಿತ್ತು. ಆ ದಿನಗಳಲ್ಲಿ ನನ್ನ ಹುಳುಗಳು ತಮ್ಮ ಕಚೇರಿಯ ವೇಗವನ್ನು ಕೇಳಿ, ‘ನಾವೂ ಓಟಗಾರರೇ’ ಎಂದು ಬೀಗತೊಡಗಿದ್ದವು.

ಕೊನೆಗೆ ವಾರ್ಷಿಕೋತ್ಸವಕ್ಕೆ ವಾರವಿರುವಾಗಲೇ ಆಹ್ವಾನ ಪತ್ರಿಕೆ ಹೊರಟಿತು, ಪ್ರತಿ ಪತ್ರಿಕೆಯ ಜೊತೆಗೊಂದು ಕಪ್ಪು ಬಣ್ಣದ ಕಾಫಿ ಮಗ್. ಬಿಸಿ ಕಾಫಿ ಸುರಿದರೆ ಕಪ್ಪು ಕರಗಿ ಚಿತ್ರ ಮೂಡುವ ಆ ಮಗ್‌ನ ಮೇಲೆ ಮೂಡಿದ್ದು ತಮ್ಮ ಲಾಂಛನವಲ್ಲ, ನನ್ನ ಮುಲಾಮು ಮಾಡುವ ವಿಧಾನ! ಲೋಳೆಯನ್ನು ಎಷ್ಟು ಬಿಸಿ ಮಾಡಬೇಕು, ಯಾವುದರ ಜೊತೆ ಯಾವ ಪ್ರಮಾಣದಲ್ಲಿ ಬೆರೆಸಬೇಕು, ಎಲ್ಲವೂ ಬಾಣದ ಗುರುತಿನ ಸಮೇತ. ಅರ್ಜಿಯಲ್ಲಿದ್ದ ಆ ಚಿತ್ರದ ಬಣ್ಣಗಳು ಕಣ್ಣಿಗೆ ಹಿತವಾಗಿದ್ದವೆಂದು ತಮ್ಮ ಕಚೇರಿಯವರು ಅದನ್ನೇ ಆರಿಸಿದರಂತೆ, ತಾವು ಭೇಷ್ ಎಂದಿರಂತೆ. ಕಂಪನಿಯ ವಕೀಲರಿಗೂ ಒಂದು ಮಗ್ ಹೋಯಿತು. ಅವರು ಕಾಫಿ ಕುಡಿಯುತ್ತಾ ಓದಿದರು, ಕುಡಿದು ಮುಗಿಸುವಷ್ಟರಲ್ಲಿ ಕಂಪನಿ ಕೈತೊಳೆದುಕೊಂಡಿತ್ತು.

ನಾನು ಏದುಸಿರು ಬಿಡುತ್ತಾ ತಮ್ಮ ಕೋಣೆಗೆ ಓಡಿಬಂದೆ. ತಾವು ಸಾವಧಾನವಾಗಿ ಮಗ್ ಅನ್ನು ಕೈಯಲ್ಲಿ ತಿರುಗಿಸುತ್ತಾ ಹೇಳಿದಿರಿ: “ಗುಟ್ಟು ಎಲ್ಲಿ ಬಿಟ್ಟುಕೊಟ್ಟಿದ್ದೀವಿ ಮೇಡಂ? ತಣ್ಣಗಿದ್ರೆ ಏನೂ ಕಾಣಲ್ವಲ್ಲ.”

ನನಗೆ ಮೈಯೆಲ್ಲ ಉರಿದುಹೋಯಿತೆಂದು ಅತ್ಯಂತ ವಿನಯದಿಂದ ತಿಳಿಸಬಯಸುತ್ತೇನೆ. ಇಂಥ ಬುದ್ಧಿಯನ್ನು ಪ್ರಯೋಗಾಲಯದಲ್ಲಿ ಬೆಳೆಸಲು ಸಾಧ್ಯವಿಲ್ಲ, ಅದು ಹುಟ್ಟಿನಿಂದಲೇ ಬರಬೇಕು.

ಈಗ ತಮ್ಮಲ್ಲಿ ಕೆಲವು ಸಣ್ಣ ಕೋರಿಕೆಗಳು. ಮಗ್ ಪಡೆದ ಗಣ್ಯರ ಮನೆಮನೆಗೂ ಖುದ್ದು ಹೋಗಿ, ಓದಿದ್ದನ್ನು ದಯವಿಟ್ಟು ಓದಿಲ್ಲವೆಂದು ಮಾಡಿಕೊಳ್ಳಿ, ಇನ್ನು ಮುಂದೆ ತಣ್ಣೀರನ್ನೇ ಕುಡಿಯಿರಿ ಎಂದು ಕೈಮುಗಿದು ಬರಬೇಕು. ಈ ಮಗ್ ಪ್ರಕರಣವನ್ನು ನೋಡಲೆಂದು ತಾವು ನೇಮಿಸಿರುವ ಪರಿಶೀಲನಾ ಸಮಿತಿ ಮುಂದಿನ ಸಲ ಸೇರುವವರೆಗೆ ಹಬ್ಬಬಾರದೆಂದು ನನ್ನ ಅಕ್ಕನ ಹುಣ್ಣಿಗೆ ತಾಕೀತು ಮಾಡಬೇಕು; ತಮ್ಮ ತಾಕೀತು ಎಷ್ಟು ಬಿಗಿಯೆಂದು ನನಗೆ ಗೊತ್ತಿದೆ. ಇವೆರಡೂ ಕಷ್ಟವೆನಿಸಿದರೆ, ತಮ್ಮ ಕುರ್ಚಿಯನ್ನು ನನ್ನ ಹುಳುಗಳಲ್ಲೊಂದಕ್ಕೆ ಬಿಟ್ಟುಕೊಡಬೇಕು. ಅದು ನಿಧಾನವೇನೋ ನಿಜ, ಆದರೆ ಅದು ಹೋದ ದಾರಿಯಲ್ಲಿ ಜನರ ಉಪಯೋಗಕ್ಕೆ ಬರುವಂಥದ್ದೇನಾದರೂ ಉಳಿಯುತ್ತದೆ.

ಇನ್ನೂ ಅಳಿದುಳಿದಿರುವ ವಿಶ್ವಾಸದ ಮಟ್ಟಿಗೆ ಮಾತ್ರ,
ತಮ್ಮ ವಿಶ್ವಾಸಿ,
ನೆಲಮಾಳಿಗೆಯ ಹುಳುಗಳ ಒಡತಿ

ಮರೆತಿದ್ದೆ: ಈ ವರ್ಷದ ವರದಿಯಲ್ಲಿ ‘ಸಂಶೋಧನೆ ರೋಗಿಯನ್ನು ತಲುಪಿದೆಯೇ?’ ಎಂಬ ಪ್ರಶ್ನೆಗೆ ತಾವು ಧೈರ್ಯವಾಗಿ ‘ಹೌದು’ ಎಂದೇ ಬರೆಯಬಹುದು. ನನ್ನ ಪಾಲಿಗೆ ಬಂದ ಮಗ್ ಈಗ ಅಕ್ಕನ ಬಚ್ಚಲಲ್ಲಿದೆ. ಬೆಳಿಗ್ಗೆ ಸಂಜೆ ಅವಳು ಅದರಲ್ಲೇ ಬಿಸಿನೀರಿಗೆ ಉಪ್ಪು ಬೆರೆಸಿ, ಹುಣ್ಣಿನ ಮೇಲೆ ಸುರಿದುಕೊಳ್ಳುತ್ತಾಳೆ. ಮೊದಲ ದಿನ ಅಕ್ಷರಗಳು ಮೂಡಿದಾಗ ಒಂದೂ ಬಿಡದೆ ಓದಿ, “ಇಷ್ಟೇನಾ? ಇದನ್ನೇ ಏನೇ ನನ್ನಿಂದ ಮುಚ್ಚಿಟ್ಟಿದ್ದು?” ಎಂದು ಕೇಳಿದಳು. ಮೊನ್ನೆ ಡಾಕ್ಟರು ಅವಳ ಮೊಣಕಾಲಿನ ಕೆಳಗೆ ಪೆನ್ನಿನಿಂದ ಗೆರೆ ಎಳೆದಿದ್ದಾರೆ, ಅಲ್ಲಿಂದ ಕೆಳಗಿನ ಕಾಲನ್ನು ಉಳಿಸಿಕೊಳ್ಳಲು ಆಗುವುದಿಲ್ಲವಂತೆ. ತಮ್ಮ ಮಗ್ ಮಾತ್ರ ಬಹಳ ಗಟ್ಟಿ ಮಾನ್ಯರೇ, ಎರಡು ಸಲ ಕೈಜಾರಿ ಬಿದ್ದರೂ ಒಂದು ಚೂರೂ ಮುಕ್ಕಾಗಿಲ್ಲ.