ಕಪ್ಪು ಹೆಬ್ಬೆರಳಿನ ಗೈರುಹಾಜರಿ

ಕಲಾ ವಿಭಾಗದ ಬಾಗಿಲು ಕಾಯುತ್ತಿರುವ ಹಾಜರಿ ಯಂತ್ರದವರ ಸನ್ನಿಧಿಗೆ, ಎಡಗೈಯಿಂದ ಸವಿನಯ ವಂದನೆಗಳು.

ಮಾನ್ಯರೇ,

'ಬಂದವರು ಯಾರೆಂದು ಬಾಗಿಲಿಗೆ ಗೊತ್ತು' ಎಂಬಂಥ ಸಾಲೊಂದನ್ನು ಎಂದೋ ಓದಿದ ನೆನಪು. ಮುಂದಿನ ಸಾಲು ಮರೆತಿದೆ. ತಮ್ಮೆದುರು ಹನ್ನೊಂದು ಮಧ್ಯಾಹ್ನ ನಿಂತ ಮೇಲೆ, ಬರೆದವರಿಗೆ ಬಾಗಿಲುಗಳ ಪರಿಚಯವಿತ್ತೇ ಎಂಬ ಅನುಮಾನ ಹುಟ್ಟಿದೆ.

ಒಮ್ಮೆ ಸ್ನಾತಕೋತ್ತರ ಪದವಿ ಪಡೆದೂ ಬುದ್ಧಿ ಬಾರದೆ, ನಲವತ್ತೆಂಟರಲ್ಲಿ ಕಲೆ ಮತ್ತು ವಿಜ್ಞಾನದ ಜೋಡಿ ಪದವಿಗೆ ಸೇರಿದವಳು ನಾನು. ಬೆಳಿಗ್ಗೆ ರಸಾಯನಶಾಸ್ತ್ರ, ಮಧ್ಯಾಹ್ನ ಕಾವ್ಯ. ಬೆಳಗಿನ ಪ್ರಯೋಗದ ಬೆಳ್ಳಿಯ ದ್ರಾವಣ ಹರಿದ ಕೈಗವಸಿನೊಳಗೆ ನುಸುಳಿ, ಬೆಳಕು ತಾಗಿದಂತೆ ನನ್ನ ಬಲ ಹೆಬ್ಬೆರಳನ್ನು ಬದನೆಕಾಯಿಯ ಬಣ್ಣಕ್ಕೆ ತರುತ್ತದೆ. ಎಷ್ಟು ತಿಕ್ಕಿದರೂ ಬಿಡದ ಆ ಕಲೆಯೊಡನೆ ಬೆರಳನ್ನು ತಮ್ಮ ಗಾಜಿನ ಮೇಲಿಟ್ಟಾಗ ತಾವು ಕೆಂಪು ದೀಪ ಬೆಳಗಿಸಿ, 'ಈ ವ್ಯಕ್ತಿ ದಾಖಲೆಯಲ್ಲಿಲ್ಲ' ಎಂದು ಅಪ್ಪಣೆ ಕೊಡಿಸುತ್ತೀರಿ. 'ನಾನು ಯಾರು' ಎಂದು ಕವಿಗಳು ಜನ್ಮವಿಡೀ ಕೇಳಿಕೊಂಡ ಪ್ರಶ್ನೆಗೆ ಮೂರೇ ಸೆಕೆಂಡಿನಲ್ಲಿ ಉತ್ತರ ಕೊಡುವ ತಮ್ಮ ಪ್ರತಿಭೆಗೆ ನಾನು ತಲೆಬಾಗಿದ್ದೇನೆ.

ತಮಾಷೆಯೆಂದರೆ ವಿಜ್ಞಾನದ ಕಟ್ಟಡದಲ್ಲಿ ತಮ್ಮ ಬಂಧುಗಳು ಯಾರೂ ಇಲ್ಲ. ಅಲ್ಲಿನ ಪ್ರಯೋಗಾಲಯದ ಸಹಾಯಕರು ಕನ್ನಡಕವನ್ನು ಹಣೆಗೇರಿಸಿ, "ಬಂದ್ರಾ ಅಕ್ಕಾ? ಹೊಸ ಕೈಗವಸು ಇನ್ನೂ ಬಂದಿಲ್ಲ, ಹುಷಾರು" ಎಂದು ನನ್ನ ಹೆಸರಿನ ಮುಂದೆ ಗೀಟು ಹಾಕುತ್ತಾರೆ. ಅಳೆದು ತೂಗುವವರು ಮುಖ ನೋಡಿ ನಂಬುತ್ತಾರೆ. ಕಾವ್ಯ ಓದಿಸುವವರು ತಮ್ಮ ಕೆಂಪು ದೀಪವನ್ನು ನಂಬುತ್ತಾರೆ.

ನಮ್ಮ ಕಾವ್ಯದ ಉಪನ್ಯಾಸಕಿಯಲ್ಲಿ ದೂರಿಕೊಂಡೆ. "ಮುಂದಿನ ಬೆಂಚಲ್ಲೇ ಕೂತಿದ್ರಿ, ಪ್ರಶ್ನೆ ಕೇಳಿ ನನ್ನ ತಲೆನೂ ತಿಂದ್ರಿ. ಆದ್ರೆ ನಾನು ನೋಡಿದ್ದು ಲೆಕ್ಕಕ್ಕಿಲ್ವಲ್ಲ ಮೇಡಂ" ಎಂದರು. ಕಚೇರಿಯ ಗುಮಾಸ್ತರು ಇನ್ನೂ ಉದಾರಿಗಳು: "ಬೇರೆ ಬೆರಳಿಗೆ ಬದಲಾಯಿಸೋದು ಮುಂದಿನ ವರ್ಷಾನೇ. ಅಲ್ಲೀವರೆಗೆ, ಸೇರುವಾಗ ತಂದಿದ್ರಲ್ಲ, ಆ ಬೆರಳನ್ನೇ ತನ್ನಿ."

ಶುಕ್ರವಾರ ಪಟ್ಟಿ ಹಾಕುತ್ತಾರೆ. ಮುಕ್ಕಾಲು ಪಾಲು ಹಾಜರಿ ಇಲ್ಲದವರಿಗೆ ಪರೀಕ್ಷೆಯಿಲ್ಲ. ಒಂದು ದಿನವೂ ತಪ್ಪಿಸದ ಕಾವ್ಯದಲ್ಲೇ ನಾನು ಗೈರುಹಾಜರಾದರೆ, ಜೋಡಿಯಲ್ಲಿ ಒಂದು ಎತ್ತು ಮಲಗಿದಂತೆ, ವರ್ಷವೇ ಅಲ್ಲಿಗೆ ನಿಲ್ಲುತ್ತದೆ.

ಆದ್ದರಿಂದ ಹೆಬ್ಬೆರಳಿಗೆ ಬದಲು ದಿನಕ್ಕೊಂದು ಪದ್ಯ ಒಪ್ಪಿಸಲು ಅನುಮತಿ ಕೊಡಬೇಕಾಗಿ ಬೇಡುತ್ತೇನೆ. ಪದ್ಯ ತಮಗೆ ಒಗ್ಗದಿದ್ದರೆ, ಗೋಡೆಯ ಮೊಳೆಯಿಂದ ಒಂದು ಬೆಳಗಿನ ಮಟ್ಟಿಗೆ ಕೆಳಗಿಳಿದು ಪ್ರಯೋಗಾಲಯಕ್ಕೆ ದಯಮಾಡಿಸಿ, ಹರಿದ ಕೈಗವಸು ತೊಟ್ಟು, ಸಂಜೆ ತಮ್ಮನ್ನು ತಾವೇ ಗುರುತಿಸಿಕೊಳ್ಳಬೇಕಾಗಿ ಕೋರುತ್ತೇನೆ.

ತಾವು ಇಲ್ಲವೆಂದರೂ ಇಲ್ಲೇ ನಿಂತಿರುವ,
ತಮ್ಮ ವಿಶ್ವಾಸಿ,
ಮುಂದಿನ ಬೆಂಚಿನ ವಿದ್ಯಾರ್ಥಿನಿ

ವಿ.ಸೂ.: ನಿನ್ನೆ ಸಂಜೆ ಕರೆಂಟು ಹೋಗಿತ್ತು. ಈ ಪತ್ರದ ಒಕ್ಕಣೆ ಯೋಚಿಸುತ್ತ ಕತ್ತಲಲ್ಲಿ ಮೆಟ್ಟಿಲು ಹತ್ತಿ ಬಂದಾಗ, ಎರಡೂ ಕಣ್ಣಿಗೆ ಪೊರೆ ಬಂದಿರುವ ಪಕ್ಕದ ಮನೆಯ ಅಜ್ಜಿ ಬಾಗಿಲಲ್ಲೇ ಕೂತಿದ್ದರು. ತಮ್ಮ ಅವಗಾಹನೆಗಾಗಿ ಅವರ ಮಾತನ್ನು ಹಾಗೆಯೇ ಬರೆಯುತ್ತಿದ್ದೇನೆ: "ಬಂದ್ಯೇನಮ್ಮಾ? ಅರ್ಧ ಪದ್ಯ, ಅರ್ಧ ಆಮ್ಲ ಅಂತ ಗೊಣಗ್ತಾ ಹತ್ತೋಳು ಈ ಮೆಟ್ಟಿಲಿಗೆಲ್ಲ ನೀನೊಬ್ಳೇ. ನಿನ್ನ ಗುರುತು ಹಿಡಿಯೋಕೆ ಕಣ್ಣು ಬೇರೆ ಬೇಕಾ?"